ಪೈರೇಟ್ ಅಂದರೆ ‘ಒಂದು ಕೈ ನೋಡುವವನು’

ಅಕ್ಕನ ಮಗನಿಗೆ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ ಇತ್ತು. ಒಂದು ಕಣ್ಣಿಗೆ ಕಪ್ಪು ಪಟ್ಟಿ, ಕೈಯಲ್ಲಿ ರಟ್ಟಿನ ಕತ್ತಿ, ತಲೆಗೆ ಅಕ್ಕನ ಹಳೇ ದುಪ್ಪಟ್ಟಾ. ಪಾತ್ರದ ಹೆಸರು ಕನ್ನಡದಲ್ಲೇ ಹೇಳಬೇಕಂತೆ. ‘ಕಡಲ್ಗಳ್ಳ’ ಅಂತ ಹೇಳಿಕೊಟ್ಟೆ. ಆ ಲ್ಗ, ಳ್ಳ ಎರಡೂ ಬೆನ್ನುಬೆನ್ನಿಗೆ ಬಂದರೆ ಅವನ ನಾಲಿಗೆ ತಿರುಗಲೇ ಇಲ್ಲ. ‘ಕಡಲೆಕಳ್ಳ’ ಅಂದ!

ನಮ್ಮ ಪದದಲ್ಲಿ ಮುಚ್ಚುಮರೆ ಇಲ್ಲ. ಕಡಲು, ಕಳ್ಳ, ಅಷ್ಟೇ. ಚೀನೀಯರ ಹೈದಾವ್, ಜಪಾನಿನವರ ಕೈಝೊಕು, ಜರ್ಮನ್ನರ ಝೇರಾಯ್ಬರ್ ಕೂಡ ಹೀಗೇ, ಸಮುದ್ರದ ಕಳ್ಳ ಅಂತ ನೇರವಾಗಿ ಹೇಳುತ್ತವೆ.

ಆದರೆ ಇಂಗ್ಲಿಷಿನ ಪೈರೇಟ್‌ನಲ್ಲಿ ಕಡಲೂ ಇಲ್ಲ, ಕಳ್ಳನೂ ಇಲ್ಲ. ಮೂಲ ಗ್ರೀಕಿನ ‘ಪೈರಾತೇಸ್’, ಅದರ ಹಿಂದಿರುವುದು ‘ಪೈರಾ’, ಅಂದರೆ ಪ್ರಯತ್ನ. ಮೈಮೇಲೆ ಬೀಳುವುದು ಅನ್ನೋ ಅರ್ಥವೂ ಅದೇ ಬೇರಿನಿಂದ ಬಂತು. ಇದೆಲ್ಲಿಯ ಸಂಬಂಧ ಅಂತ ಮೊದಲು ನನಗೂ ಅನಿಸಿತ್ತು. ಆಮೇಲೆ ನೋಡಿದರೆ ನಾವೂ ‘ಒಂದು ಕೈ ನೋಡೇಬಿಡೋಣ’ ಅಂತೀವಲ್ವಾ? ಪ್ರಯತ್ನಕ್ಕೂ ಅದೇ ಮಾತು, ಜಗಳಕ್ಕೂ ಅದೇ ಮಾತು. ಲ್ಯಾಬಿನ ಎಕ್ಸ್‌ಪೆರಿಮೆಂಟ್ ಕೂಡ ಈ ಪೈರೇಟ್‌ನ ದೂರದ ನೆಂಟ.

ಕಡಲ್ಗಳ್ಳರಿಗೆ ಇಂಗ್ಲಿಷಿನಲ್ಲಿರುವ ಇನ್ನೊಂದು ಹೆಸರು ಬಕನೀರ್, ಅದರ ಕಥೆ ಇನ್ನೂ ಮಜಾ. ‘ಬೂಕಾನ್’ ಅಂದರೆ ಮಾಂಸವನ್ನು ಹೊಗೆಯಲ್ಲಿ ಒಣಗಿಸುವ ಮರದ ಅಟ್ಟಣಿಗೆ. ದಕ್ಷಿಣ ಅಮೆರಿಕದ ತುಪಿ ಜನರ ಮಾತಿನಿಂದ ಫ್ರೆಂಚಿಗೆ ಬಂದ ಪದ. 17ನೇ ಶತಮಾನದಲ್ಲಿ, ಈಗ ಹೈಟಿ ಇರುವ ದ್ವೀಪದಲ್ಲಿ ಕಾಡುದನ, ಕಾಡುಹಂದಿ ಬೇಟೆಯಾಡಿ ಮಾಂಸ ಒಣಗಿಸಿ ಹಡಗಿನವರಿಗೆ ಮಾರಿಕೊಂಡಿದ್ದವರನ್ನು ಸ್ಪೇನಿನವರು ಓಡಿಸಿದರು, ಅವರು ದೋಣಿ ಹತ್ತಿ ಸ್ಪೇನಿನ ಹಡಗುಗಳನ್ನೇ ದೋಚತೊಡಗಿದರು. ಕಸುಬು ಬದಲಾಯಿತು, ಹೆಸರು ಮಾತ್ರ ಹೊಗೆ ವಾಸನೆ ಬಿಡಲಿಲ್ಲ.

ಡಚ್ಚರ ‘ವ್ರೈಬೌಟರ್’, ಅಂದರೆ ಬಿಟ್ಟಿ ಲೂಟಿಗಾರ, ಸ್ಪ್ಯಾನಿಷ್ ಬಾಯಲ್ಲಿ ‘ಫಿಲಿಬುಸ್ತೆರೊ’ ಆಗಿ ಕೊನೆಗೆ ಅಮೆರಿಕದ ಸೆನೆಟ್ ತಲುಪಿತು. ಮಸೂದೆ ಪಾಸಾಗದಂತೆ ಸುಮ್ನೆ ಮಾತಾಡುತ್ತಲೇ ಇರುವುದಕ್ಕೆ ಅಲ್ಲಿ ‘ಫಿಲಿಬಸ್ಟರ್’ ಅಂತಾರೆ. 1957ರಲ್ಲಿ ಸೆನೆಟರ್ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದ್ದರು. ಕಳ್ಳ ದೋಚುವುದು ಹಣ, ಇವರು ದೋಚುವುದು ಹೊತ್ತು.

ಈ ಪದಗಳು ನಮ್ಮ ಕರಾವಳಿಗೂ ಅಂಟಿವೆ. ಮೊದಲನೇ ಶತಮಾನದ ರೋಮಿನ ಪ್ಲಿನಿ, ಈಗಿನ ಕೇರಳದಲ್ಲಿದ್ದ ಮುಜಿರಿಸ್ ಬಂದರಿನಲ್ಲಿ ಇಳಿಯುವುದು ಒಳ್ಳೆಯದಲ್ಲ, ಹತ್ತಿರದ ‘ನಿತ್ರಿಯಾಸ್’ನಲ್ಲಿ ಕಡಲ್ಗಳ್ಳರಿದ್ದಾರೆ ಅಂತ ಬರೆದ. ಅವನು ಬಳಸಿದ ಲ್ಯಾಟಿನ್ ಪದ ‘ಪಿರಾತಾ’. ನಿತ್ರಿಯಾಸ್ ಅಂದರೆ ನೇತ್ರಾವತಿ ತೀರ ಅಂತ ಕೆಲವರು, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಅಂತ ಇನ್ನು ಕೆಲವರು.

ಮತ್ತೆ ನಮ್ಮ ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರು ಇವನನ್ನು ‘ತಿಮೋಜ’ ಅಂತ ಬರೆದರು, ಜೊತೆಗೆ ‘ಕೊಸಾರಿಯೊ’ ಅಂತಲೂ ಕರೆದರು. ಇಟಲಿಯ ‘ಕೊರ್ಸಾರೊ’, ಇಂಗ್ಲಿಷಿನ ‘ಕೋರ್ಸೇರ್’ ಎಲ್ಲ ಇದರದೇ ಬಳಗ, ಮೂಲ ಲ್ಯಾಟಿನ್ನಿನ ‘ಕುರ್ಸುಸ್’, ಅಂದರೆ ಓಟ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಹಿಡಿದಾಗ ಇದೇ ತಿಮ್ಮಯ್ಯ ಅವನ ಬಲಗೈ. ಅಲ್ಬುಕರ್ಕ್‌ನನ್ನು ಮಾತ್ರ ಅವರು ಗವರ್ನರ್ ಅಂದರು. ಇಬ್ಬರೂ ಏರಿದ್ದು ಒಂದೇ ಕಡಲು, ನುಗ್ಗಿದ್ದು ಒಂದೇ ಊರು.

ಸ್ಪರ್ಧೆಯ ದಿನ ನಮ್ಮ ಹುಡುಗ ಸ್ಟೇಜ್ ಹತ್ತಿ, ಕತ್ತಿ ಎತ್ತಿ, ಜೋರಾಗಿ ‘ನಾನು ಕಡಲೆಕಳ್ಳ’ ಅಂದ. ಎರಡನೇ ಬಹುಮಾನ ಬಂತು.