ಕೈ ಪ್ರೈಮಿಂಗ್ ಟೂಲ್ ಹುಡುಕಾಟ, ಮೂರನೇ ವಾರ

ಹೊಡೆದು ಖಾಲಿಯಾದ ಹಿತ್ತಾಳೆ ಕೇಸುಗಳಿಗೆ ಹೊಸ ಪ್ರೈಮರ್ (ಏಟು ಬಿದ್ದಾಗ ಪುಡಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಪುಡಿ, ಗುಂಡು ಹಾಕಿ ರೈಫಲ್ಲಿನ ತೋಟಾಗಳನ್ನು ನಾನೇ ಮತ್ತೆ ತುಂಬಿಕೊಳ್ಳುತ್ತೇನೆ. ಹೋದ ಸಲ ಅಂಥ 50 ಗುಂಡು ಹೊಡೆದಾಗ ಮೂರು ಮೊದಲ ಏಟಿಗೆ ಸಿಡಿಯಲೇ ಇಲ್ಲ. ಟಕ್ ಅಂತ ಸದ್ದಾಯಿತು, ಅಷ್ಟೇ. ತಡವಾಗಿ ಸಿಡಿಯುವುದೂ ಉಂಟು, ಹಾಗಾಗಿ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಕಾದೆ. ಆಮೇಲೆ ಮತ್ತೆ ಕಾಕ್ ಮಾಡಿ ಟ್ರಿಗರ್ ಒತ್ತಿದರೆ ಮೂರೂ ಸಿಡಿದವು. ಎರಡನೇ ಏಟಿಗೆ ಸಿಡಿಯಿತು ಅಂದರೆ ಮೊದಲು ಅನುಮಾನ ಪಡಬೇಕಾದ್ದು ಪ್ರೈಮರ್ ಕೂತಿರುವ ರೀತಿಯನ್ನು. ಅದು ಪಾಕೆಟ್‌ನ, ಅಂದರೆ ಕೇಸಿನ ಹಿಂಬದಿಯಲ್ಲಿರುವ ಗುಳಿಯ, ತಳ ಮುಟ್ಟಿರದಿದ್ದರೆ, ಮೊದಲ ಏಟಿನ ಬಲವೆಲ್ಲ ಅದನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗಿಬಿಡುತ್ತದೆ.

ಇಷ್ಟು ದಿನ ತೋಟಾ ತುಂಬುವ ಯಂತ್ರವಾದ ಪ್ರೆಸ್‌ನಲ್ಲೇ ಪ್ರೈಮರ್ ಕೂರಿಸುತ್ತಿದ್ದೆ. ಹಿತ್ತಾಳೆ ಕೇಸನ್ನೇ ಹಿಂಡಿ ಅಳತೆಗೆ ತರುವಷ್ಟು ಬಲ ಆ ಉದ್ದದ ಹಿಡಿಕೆಗಿದೆ. ಅದರಲ್ಲಿ 0.210 ಇಂಚು ಅಗಲದ ಒಂದು ಪುಟ್ಟ ಬಟ್ಟಲನ್ನು ಕೂರಿಸುವುದೆಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಕೈಗೆ ಏನೂ ತಿಳಿಯುವುದಿಲ್ಲ. ಆ ಬಟ್ಟಲಿನೊಳಗೆ ಏಟಿಗೆ ಹೊತ್ತುವ ಮದ್ದು ಇರುತ್ತದೆ, ಅದರ ಮೇಲೆ ಅನ್ವಿಲ್ ಅನ್ನುವ ಸಣ್ಣ ಕಾಲುಗಳಿರುವ ತಗಡು. ಆ ಕಾಲುಗಳು ಪಾಕೆಟ್‌ನ ತಳಕ್ಕೆ ತಾಗಬೇಕು, ತಾಗಿದ ಮೇಲೆ ಇನ್ನೊಂದು ಕೂದಲೆಳೆಯಷ್ಟು ಒತ್ತು ಬೀಳಬೇಕು. ಕೇಸಿನ ಹಿಂಬದಿಯ ಮಟ್ಟಕ್ಕಿಂತ 0.003ರಿಂದ 0.005 ಇಂಚು ಒಳಗಿದ್ದರೆ ಸರಿ ಅನ್ನುವುದು ಎಲ್ಲರೂ ಇಟ್ಟುಕೊಂಡಿರುವ ಲೆಕ್ಕ. ನಾನು ಕೂರಿಸಿದ್ದನ್ನು ಅಳೆದು ನೋಡಿದೆ. ಕೆಲವು 0.006, ಕೆಲವು 0.001, ಒಂದಂತೂ ಪೂರ್ತಿ ಮಟ್ಟಕ್ಕೇ ಇತ್ತು. ಬೆರಳು ಸವರಿದರೆ ಗೊತ್ತಾಗುತ್ತಿತ್ತು, ನಾನು ಸವರಿರಲಿಲ್ಲ ಅಷ್ಟೇ.

ಹಾಗೆ ಶುರುವಾಯಿತು ಕೈ ಟೂಲಿನ ಹುಡುಕಾಟ.

ಮೊದಲು ಸಿಕ್ಕಿದ್ದು ಹೆಬ್ಬೆರಳಿನಿಂದ ಒತ್ತುವ ಹಳೆಯ ತರಹದ್ದು, ಸ್ನೇಹಿತರದ್ದು. ಮೊದಲ 20 ಕೇಸು ಸೊಗಸಾಗಿ ಹೋದವು. ಪ್ರೈಮರ್ ಪಾಕೆಟ್‌ನ ಬಾಯಿಗೆ ಬಂದದ್ದು, ಜಾರಿದ್ದು, ತಳಕ್ಕೆ ನಿಂತದ್ದು ಎಲ್ಲ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಪ್ರೆಸ್ ಬಿಟ್ಟು ಇದಕ್ಕೆ ಬಂದವರು ಯಾಕೆ ವಾಪಸ್ ಹೋಗುವುದಿಲ್ಲ ಅಂತ ಆಗ ಅರ್ಥವಾಯಿತು. ಆದರೆ 60 ದಾಟುವಾಗ ಹೆಬ್ಬೆರಳಿನ ಬುಡ ನೋಯತೊಡಗಿತು, 80ಕ್ಕೆ ಒತ್ತು ಸಡಿಲವಾಗುತ್ತಿದೆ ಅಂತ ನನಗೇ ಗೊತ್ತಾಗುತ್ತಿತ್ತು. ಕೊನೆಯ ಹತ್ತನ್ನು ಅಳೆದರೆ ಎರಡು ಮೇಲೆಯೇ ನಿಂತಿವೆ. ಕೈ ಸುಸ್ತಾದರೆ ಟೂಲ್ ಎಷ್ಟು ಚೆನ್ನಾಗಿದ್ದರೂ ಅಷ್ಟೇ ಅಲ್ವಾ.

ಎರಡನೆಯದು ಶೆಲ್ ಹೋಲ್ಡರ್, ಅಂದರೆ ಕೇಸಿನ ಅಂಚನ್ನು ಹಿಡಿಯುವ ಬಿಡಿ ತುಂಡು, ಬೇಡದ ಜಾತಿ. ಸ್ಪ್ರಿಂಗ್ ಇರುವ ದವಡೆಗಳು ಕೇಸಿನ ಅಂಚನ್ನು ತಾವೇ ಹಿಡಿದುಕೊಳ್ಳುತ್ತವೆ, .223 ಅಳತೆಯ ತೋಟಾ ಇರಲಿ .308 ಇರಲಿ ಹೋಲ್ಡರ್ ಬದಲಾಯಿಸುವ ರಗಳೆ ಇಲ್ಲ. ನಾಲ್ಕೈದು ಕ್ಯಾಲಿಬರ್ ಇರುವವರಿಗೆ ಇದು ಭಾರಿ ಅನುಕೂಲ. ನನ್ನ ಕೈಗೆ ಬಂದದ್ದು ಬಳಸಿ ಸವೆದದ್ದು, ಕೇಸು ಸ್ವಲ್ಪ ಓಲಾಡುತ್ತಿತ್ತು. ಓಲಾಡಿದರೆ ಪ್ರೈಮರ್ ಓರೆಯಾಗಿ ಹೋಗುತ್ತದೆ. ಒಂದರ ಅಂಚು ಅರ್ಧಚಂದ್ರದ ಹಾಗೆ ಮಡಚಿಕೊಂಡಿತು. ಸಿಡಿಯಲಿಲ್ಲ, ಆದರೆ ಅದನ್ನು ನೋಡಿ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಇಲ್ಲೊಂದು ಮಾತು. ಕಣ್ಣು ಕಾಯುವ ಸುರಕ್ಷಾ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಟೂಲಿನ ಟ್ರೇಯಲ್ಲಿ ಒಟ್ಟಿಗೆ ಹಲವಾರು ಪ್ರೈಮರ್ ಇರುತ್ತವೆ, ಅದೂ ಕೈ ಮತ್ತು ಮುಖದ ಹತ್ತಿರ. ಕೂರಿಸುವ ಒಂದು ಪ್ರೈಮರ್‌ಗೂ ಟ್ರೇಯಲ್ಲಿರುವ ಉಳಿದವಕ್ಕೂ ನಡುವೆ ತಡೆ ಇರುವ ಟೂಲನ್ನೇ ನೋಡಿ ತೆಗೆದುಕೊಳ್ಳಿ. ಬಿಗಿ ಅನ್ನಿಸಿದಾಗ ಹಲ್ಲು ಕಚ್ಚಿ ಒತ್ತುವ ಚಟವನ್ನು ಬಿಡಬೇಕು. ನಿಲ್ಲಿಸಿ, ಕೇಸು ತೆಗೆದು ನೋಡಿ.

ನಾನು ನಿಲ್ಲಿಸಿ ನೋಡಿದ್ದರಿಂದಲೇ ಅಸಲಿ ವಿಷಯ ಸಿಕ್ಕಿತು. ಬಿಗಿಯಾದವೆಲ್ಲ ಸೈನ್ಯದ ಹಳೆಯ ಕೇಸುಗಳು. ಅವುಗಳಲ್ಲಿ ಪ್ರೈಮರ್ ಅಲುಗಾಡದಿರಲಿ ಅಂತ ಪಾಕೆಟ್‌ನ ಬಾಯನ್ನು ಒಳಕ್ಕೆ ಒತ್ತಿ ಕ್ರಿಂಪ್ ಮಾಡಿರುತ್ತಾರೆ. ಆ ಅಂಚನ್ನು ರೀಮರ್‌ನಿಂದ ಕೆರೆದೋ ಸ್ವೇಜ್ ಮಾಡಿಯೋ (ಒತ್ತಿ ಹಿಂದಕ್ಕೆ ಸರಿಸಿ) ತೆಗೆಯದಿದ್ದರೆ ಹೊಸ ಪ್ರೈಮರ್ ನೆಟ್ಟಗೆ ಹೋಗುವುದಿಲ್ಲ. ನಾನು ಎರಡು ತರಹದ ಕೇಸನ್ನೂ ಒಂದೇ ಡಬ್ಬಿಗೆ ಸುರಿದಿದ್ದೆ. ಜೊತೆಗೆ ಕೆಲವು ಪಾಕೆಟ್‌ಗಳ ತಳದಲ್ಲಿ ಮಸಿ ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ಪ್ರೈಮರ್ ನಿಂತರೆ ಎತ್ತರವಾಗದೆ ಇನ್ನೇನು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಎರಡು ವಾರ ಪ್ರೆಸ್‌ಗೆ ಬೈದೆ.

ಹಾಗಂತ ಪ್ರೆಸ್‌ಗೇ ವಾಪಸ್ ಹೋಗುತ್ತಿಲ್ಲ. ಕ್ರಿಂಪ್ ಇದೆ ಅಂತ ಹೇಳಿದ್ದೇ ಕೈ ಟೂಲ್. ಇನ್ನೊಂದನ್ನೂ ಹೇಳಿತು. ಐದು ಕೇಸುಗಳಲ್ಲಿ ಪ್ರೈಮರ್ ಬೆಣ್ಣೆಗೆ ಬೆರಳು ಇಳಿದ ಹಾಗೆ ಸುಮ್ನೆ ಇಳಿದುಬಿಟ್ಟಿತು. ತುಂಬಾ ಸಲ ಹೊಡೆದು ಪಾಕೆಟ್ ಅಗಲವಾಗಿದೆ ಅಂತ ಅರ್ಥ. ಅಂಥದ್ದರಲ್ಲಿ ಪ್ರೈಮರ್ ಸುತ್ತ ಬಿಸಿ ಅನಿಲ ಸೋರುತ್ತದೆ. ಐದನ್ನೂ ಗುಜರಿಗೆ ಹಾಕಿದೆ. ಪ್ರೆಸ್‌ನಲ್ಲಾಗಿದ್ದರೆ ಇವೂ ರೈಫಲ್ಲಿಗೆ ಹೋಗುತ್ತಿದ್ದವು.

ಕೊನೆಗೆ ಕೊಂಡದ್ದು ಮೂರನೇ ತರಹದ್ದು. ನಾಲ್ಕು ಬೆರಳು ಸೇರಿಸಿ ಅಂಗೈಯಲ್ಲಿ ಹಿಂಡುವ ಹಿಡಿಕೆ, ಶೆಲ್ ಹೋಲ್ಡರ್ ಹಾಕುವ ಬಾಯಿ, ಆಳ ಹೊಂದಿಸಲು ಒಂದು ತಿರುಪು. ಒಂದೊಂದಾಗಿ ಕೈಯಲ್ಲೇ ಪ್ರೈಮರ್ ಇಡುವ ದುಬಾರಿ ಟೂಲ್‌ಗಳನ್ನೂ ನೋಡಿದೆ. ದೂರದ ಗುರಿಗೆ ಸ್ಪರ್ಧೆ ಮಾಡುವವರಿಗೆ ಅವು ಸರಿ, ನನಗೆ ಅಷ್ಟು ತಾಳ್ಮೆ ಇಲ್ಲ. ಕೊಳ್ಳುವ ಮುಂಚೆ ಒಂದು ವಿಷಯ ವಿಚಾರಿಸಿಕೊಳ್ಳಿ: ಪ್ರೆಸ್‌ನ ಶೆಲ್ ಹೋಲ್ಡರ್ ಎಲ್ಲ ಕೈ ಟೂಲಿಗೂ ಹೊಂದುವುದಿಲ್ಲ, ಕೆಲವಕ್ಕೆ ಅವುಗಳದ್ದೇ ಬೇರೆ ಬೇಕು. .308, .243, .30-06 ಮೂರಕ್ಕೂ ಒಂದೇ ಸಾಕು, .223ಕ್ಕೆ ಇನ್ನೊಂದು.

ನಿನ್ನೆ ರಾತ್ರಿ ಕ್ರಿಂಪ್ ತೆಗೆದು ಮಸಿ ಕೆರೆದ 50 ಕೇಸು ಮುಗಿಸಿದೆ, ಕೈ ನೋಯಲಿಲ್ಲ. 47 ಲೆಕ್ಕದೊಳಗಿವೆ. ಮೂರು 0.002ಕ್ಕೆ ನಿಂತಿವೆ. ಪುಡಿ ಇನ್ನೂ ತುಂಬಿಲ್ಲವಾದ್ದರಿಂದ ಅವನ್ನು ಇವತ್ತು ಮತ್ತೊಮ್ಮೆ ನಿಧಾನವಾಗಿ ಒತ್ತಿ ನೋಡುತ್ತೇನೆ.