ಚರಟ, ಇರುವೆ, ಅತ್ತೆ

ಜೂನ್ 14, 2025, ಶನಿವಾರ

ಮಳೆ ಬಿಟ್ಟ ಮೇಲೆ ಮೂಲೆ ದರ್ಶಿನಿಗೆ ಹೋದದ್ದು ಕಾಫಿಗಲ್ಲ, ಚರಟಕ್ಕೆ. ನಮ್ಮ ಫಿಲ್ಟರಿನಲ್ಲಿ ಉಳಿಯುವ ಹಿಡಿ ಪುಡಿ ತಾರಸಿಯ ಗೊಬ್ಬರದ ಡ್ರಮ್ಮಿಗೆ ಯಾವ ಮೂಲೆಗೂ ಸಾಲದು.

ಕಾಫಿ ಹಾಕುವ ಅಣ್ಣಯ್ಯ ಕೇಳಿದ, "ಸೀದಾ ಬುಡಕ್ಕೆ ಸುರೀತೀರಾ ಮೇಡಂ?"

ಇಲ್ಲ, ಒಣ ಎಲೆ ಜೊತೆ ಕೊಳೆಸ್ತೀನಿ, ಐದರಲ್ಲಿ ಒಂದು ಪಾಲು ದಾಟದ ಹಾಗೆ ಅಂದೆ. ಆಗ ಮುಖ ಎತ್ತಿ ನೋಡಿದ. ಮೂಡಿಗೆರೆ ಕಡೆಯವನಂತೆ, ಕಾಫಿ ತೋಟದ ಕೂಲಿ ಲೈನಿನಲ್ಲೇ ಬೆಳೆದವನು. "ನಮ್ಮಲ್ಲಿ ಕಾಫಿ ಹಣ್ಣು ಸುಲಿಯೋ ಪಲ್ಪರ್ ಮಿಷಿನ್ನಿಂದ ಬಿದ್ದ ಸಿಪ್ಪೇನ ಗುಂಡೀಲಿ ಕೊಳೆಸಿ ಗಿಡಕ್ಕೇ ವಾಪಸ್ ಕೊಡೋರು. ಹಸಿ ಸಿಪ್ಪೆ ಹಾಕಿದ್ರೆ ಮೇಸ್ತ್ರಿ ಬೈತಿದ್ದ. ಕುಡಿದು ಬಿಟ್ಟ ಪುಡಿ ಹಾಕೋದನ್ನ ಬೆಂಗ್ಳೂರಲ್ಲೇ ನೋಡಿದ್ದು ನಾನು." ಸೋಮವಾರ ಮುಚ್ಚಳ ಇರುವ ಬಕೆಟ್ ತನ್ನಿ ಅಂದಿದ್ದಾನೆ.

ಚರಟ ಹುಳಿ, ಗುಲಾಬಿಗೆ ಅದೇ ಬೇಕು ಅನ್ನುವವರಿಗೆ ನನ್ನಲ್ಲಿ ತಾಳ್ಮೆ ಉಳಿದಿಲ್ಲ. ಹುಳಿಯ ಬಹುಪಾಲು ಡಿಕಾಕ್ಷನ್ ಜೊತೆ ಇಳಿದು ನಮ್ಮ ಹೊಟ್ಟೆ ಸೇರಿರುತ್ತದೆ. ಉಳಿದ ಚರಟದ ಹುಳಿ ಒಂದೊಂದು ಸಲ ಒಂದೊಂದು ಥರ, ಅದನ್ನು ನಂಬಿಕೊಳ್ಳುವಂತಿಲ್ಲ. ಸಾರಜನಕ ಶೇ. 2ರಷ್ಟು, ಅದೂ ಮಣ್ಣಿನ ಜೀವಿಗಳು ನಿಧಾನಕ್ಕೆ ಒಡೆದು ಕೊಟ್ಟ ಮೇಲೆ. ಕುಂಡದ ಮೇಲೆ ದಪ್ಪಗೆ ಹರಡಿದರೆ ಒಣಗಿ ಹೆಂಚಿನ ಹಾಗೆ ಕೂತು ನೀರನ್ನೇ ಇಳಿಯಗೊಡದು. ಕೆಫೀನ್ ಪೂರ್ತಿ ಹೋಗಿರುವುದಿಲ್ಲ. ಬೀಜ ಹಾಕಿದ ಕುಂಡದ ಹತ್ತಿರ ಅದನ್ನು ನಾನು ತರುವುದೇ ಇಲ್ಲ.

ಅತ್ತೆಗೆ ಈ ಪುರಾಣವೆಲ್ಲ ಬೇಡ. ಲೋಟದ ತಳದ ಕಾಫಿಯನ್ನು, ಹಾಲು ಸಕ್ಕರೆ ಸಮೇತ, ಗುಲಾಬಿ ಬುಡಕ್ಕೆ ಸುರಿಯುತ್ತಾರೆ. ವಾಸನೆ ಬರುತ್ತೆ, ಇರುವೆ ಬರುತ್ತೆ ಅಂದರೆ, "ಹೂ ಬಿಡ್ತಿಲ್ವಾ?" ಬಿಡುತ್ತಿದೆ. ಏನು ವಾದ ಮಾಡಲಿ.

ಇವತ್ತು ಕುಂಡದ ಅಂಚಿನಿಂದ ಗೋಡೆವರೆಗೂ ಇರುವೆ ಸಾಲು. ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ತಳದ ಒಂದು ಗುಟುಕಿಗೆ ಇಷ್ಟು ಇರುವೆ ಬರುವುದಿಲ್ಲ. ಮಣ್ಣು ಕೆದಕಿದೆ, ಹಾಲು ಹುಳಿತ ವಾಸನೆ. ಅರ್ಧ ಲೋಟವೇ ಇರಬೇಕು, ದಿನಾ. ಇನ್ನೊಂದು ಲೋಟ ಇದ್ಯೇನೇ ಅಂತ ಕೇಳುತ್ತಿದ್ದವರು!

ಕೇಳಿದರೆ, "ಪುಡಿ ಬದಲಾಯಿಸಿದೀಯ, ಚಿಕೋರಿ ಜಾಸ್ತಿ." ಬದಲಾಯಿಸಿಲ್ಲ, ಅದೇ ಅಂಗಡಿ, ಅದೇ 80:20. ಹಲ್ಲು ನೋವೋ, ಬಾಯಿಗೆ ರುಚಿ ಹತ್ತುತ್ತಿಲ್ಲವೋ. ಚಪಾತಿ ಕೂಡ ಒಂದಕ್ಕೇ ಏಳುತ್ತಿದ್ದಾರೆ, ಶೆಕೆಗೆ ಅಂದುಕೊಂಡಿದ್ದೆ. ನಾಳೆ ಭಾನುವಾರ, ಡಾಕ್ಟರು ಸಿಗಲ್ಲ. ಸೋಮವಾರ ಇವರಿಗೆ ರಜೆ ಹಾಕಲು ಹೇಳಬೇಕು. ಅತ್ತೆಗೆ ಮಾತ್ರ ಬಿಪಿ ತೋರಿಸೋಕೆ ಅಂತಲೇ ಹೇಳಿ ಹೊರಡಿಸಬೇಕು, ಇಲ್ಲದಿದ್ದರೆ