ಏನಿಲ್ಲ ಬಿಡಿ

ಇವತ್ತು ಹತ್ತು ಹನ್ನೆರಡು ಜನ ಒಂದು ಕಡೆ ಸೇರಿದ್ದೆವು.
ಇದ್ದಕ್ಕಿದ್ದಂತೆ ಎಲ್ಲರೂ ಜೋರಾಗಿ ನಕ್ಕರು.
ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಪಕ್ಕದವರನ್ನು ಕೇಳಿದೆ, "ಏನಂದ್ರು?"
"ಏನಿಲ್ಲ ಬಿಡಿ, ಆಮೇಲೆ ಹೇಳ್ತೀನಿ."

ಈ 'ಆಮೇಲೆ' ಬರುವುದು ತುಂಬಾ ಕಮ್ಮಿ. ಹೇಳುವವರಿಗೆ ಅದು ಸಣ್ಣ ಮಾತು. ಕೇಳಿದವರಿಗೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ.

ಕಿವಿಗೆ ಮಷೀನ್ ಇದೆಯಲ್ಲ, ಎಲ್ಲಾ ಕೇಳಿಸುತ್ತದೆ ಅಂದುಕೊಳ್ಳುತ್ತಾರೆ. ಗದ್ದಲದಲ್ಲಿ ಅದು ಮಾತಿನ ಜೊತೆ ಕುರ್ಚಿ ಎಳೆಯುವ ಸದ್ದನ್ನೂ ಜೋರು ಮಾಡಿ ಕೊಡುತ್ತದೆ. ಅದಕ್ಕೇ ನಾನು ತುಟಿ ನೋಡುತ್ತೇನೆ. ಅದೂ ಅರ್ಧ ಊಹೆಯೇ. ಬೇಕಾದರೆ ಕನ್ನಡಿ ಮುಂದೆ ನಿಂತು, ದನಿ ಇಲ್ಲದೆ 'ಪರ', 'ಬರ', 'ಮರ' ಅನ್ನಿ. ಮೂರಕ್ಕೂ ತುಟಿ ಒಂದೇ ಥರ ಆಡುತ್ತದೆ, ಅಲ್ವಾ? ಯಾವ ವಿಷಯದ ಮಾತು ಅಂತ ಗೊತ್ತಿದ್ದರೆ ಮಾತ್ರ ಬಿಡಿಸಿಕೊಳ್ಳಬಹುದು. ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಕಪ್ಪಗೆ ಕಾಣುತ್ತದೆ, ಅಲ್ಲಿ ಊಹೆಯೂ ಇಲ್ಲ. ಕಿರುಚಿದರೆ ಇನ್ನೂ ಕಷ್ಟ, ಬಾಯಿಯ ಆಕಾರವೇ ಕೆಡುತ್ತದೆ.

ಎದುರಿಗಿದ್ದ ಒಬ್ಬ ಹುಡುಗಿ ಇದನ್ನೆಲ್ಲಾ ನೋಡುತ್ತಿದ್ದಳು. ಎದ್ದು ಬಂದಳು. ಭುಜ ಮುಟ್ಟಿದಳು. ನಾನು ತಿರುಗುವ ತನಕ ಕಾದಳು. ಆಮೇಲೆ ಮಾಮೂಲಿ ದನಿಯಲ್ಲೇ, ಯಾವ ವಿಷಯ ಅಂತ ಮೊದಲು ಹೇಳಿ, ಇಡೀ ಜೋಕ್ ಹೇಳಿದಳು. ಒಂದು ಮಾತು ಸಿಗಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳದೆ ಬೇರೆ ಪದ ಹಾಕಿ ಹೇಳಿದಳು. ಯಾರು ಕಲಿಸಿದರೋ ಅವಳಿಗೆ!

ಜೋಕ್ ಅಂಥ ದೊಡ್ಡದೇನಲ್ಲ.
ಆದರೂ ಮನಸಾರೆ ನಕ್ಕೆ. ಅವಳೂ ನನ್ನ ಜೊತೆ ಎರಡನೇ ಸಲ ನಕ್ಕಳು.